ಕತ್ತಲಲ್ಲಿ ಕೈಗೆ ಸಿಗುವ ಗಂಟು

ನಮ್ಮೂರು ತಿರ್ಲಾಪುರ. ನವಲಗುಂದ ತಾಲ್ಲೂಕಿನ ಎರೆಭೂಮಿಯ ಊರು. ಕಡಲೆ, ಜೋಳ, ಹೆಸರು, ಹತ್ತಿ ಬೆಳೆಯುವವರು ನಾವು. ಕಡಲು ಇಲ್ಲಿಂದ ಬಲು ದೂರ. ಹೀಗಿದ್ದೂ ನಮ್ಮ ಮನೆಯ ಟ್ರ್ಯಾಕ್ಟರಿನ ಸ್ಟೇರಿಂಗಿನ ಮೇಲೆ ಹಡಗಿನವರ ಗಂಟೊಂದಿದೆ. ಅದನ್ನು ಕಟ್ಟಿದವನು ನಾನೇ. ಕಟ್ಟುವಾಗ ಕಟ್ಟೆಯ ಮೇಲೆ ಕುಳಿತವರು, "ಬ್ಯಾಂಕಿನ ಸಾಹೇಬ್ರು ಟ್ರ್ಯಾಕ್ಟರಿಗೆ ಕಾಶಿದಾರ ಕಟ್ಟಾಕತ್ತಾರ ನೋಡ್ರಿ" ಎಂದು ನಕ್ಕಿದ್ದರು. ನಗಲಿ. ಆ ಗಂಟಿಗೆ ನಮ್ಮ ಮನೆಯಲ್ಲಿ ಒಂದು ಕಾರಣವಿದೆ, ಅದನ್ನು ಹೇಳಲೆಂದೇ ಈ ಬರಹ.

ಐದಾರು ವರ್ಷಗಳ ಹಿಂದಿನ ಮಾತು. ಕಡಲೆ ರಾಶಿಯ ಹಂಗಾಮು. ಕಣದಲ್ಲಿ ಚೀಲ ತುಂಬುವ ಹೊತ್ತಿಗೆ ಕತ್ತಲಾಗಿತ್ತು, ಕರೆಂಟೂ ಹೋಗಿತ್ತು. ತಮ್ಮನ ಮಗ ಟ್ರ್ಯಾಕ್ಟರ್ ಏರಿ ಚಾಲೂ ಮಾಡಿದ. ಸಂಜೆ ನಿಲ್ಲಿಸುವಾಗ ಮುಂದಿನ ಗಾಲಿಗಳನ್ನು ಎಡಕ್ಕೆ ತಿರುಗಿಸಿಯೇ ಬಿಟ್ಟಿದ್ದನ್ನು ಅವನು ಮರೆತಿದ್ದ. ಗಾಲಿ ನೆಟ್ಟಗಿದೆ ಎಂದುಕೊಂಡು ಕ್ಲಚ್ ಬಿಟ್ಟ. ಟ್ರ್ಯಾಕ್ಟರ್ ಗಕ್ಕನೆ ಎಡಕ್ಕೆ ಹೊರಳಿ ಚೀಲಗಳ ಒಟ್ಟಿಲಿಗೆ ನುಗ್ಗಿತು. ಆ ಒಟ್ಟಿಲಿನ ಪಕ್ಕದಲ್ಲೇ ನನ್ನ ಮೊಮ್ಮಗಳು ಕುಳಿತಿದ್ದಳು. ಆಗ ಅವಳಿಗೆ ನಾಲ್ಕು ವರ್ಷ. ಅವನು ಬ್ರೇಕು ಒತ್ತಿದಾಗ ಗಾಲಿಗೂ ಅವಳಿಗೂ ಒಂದು ಮೊಳದ ಅಂತರ. ಮಗುವಿಗೆ ಏನೂ ಆಗಲಿಲ್ಲ. ಆದರೆ ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ತಮ್ಮನ ಮಗ ಗೋಡೆಗೆ ಮುಖ ಮಾಡಿ ಕುಳಿತುಬಿಟ್ಟಿದ್ದ.

ನಿದ್ದೆ ಬಾರದೆ ಹೊರಳಾಡುತ್ತಿದ್ದ ನನಗೆ ಕಾರವಾರದ ಒಂದು ದೋಣಿ ನೆನಪಾಯಿತು.

ಬೈತಖೋಲದ ತಾಂಡೇಲ

ನಾನು ಬಿ.ಕಾಂ. ಮುಗಿಸಿ 1974ರಲ್ಲಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದವನು. 1985ರಲ್ಲಿ ಕಾರವಾರಕ್ಕೆ ವರ್ಗವಾಯಿತು. ಬಯಲುಸೀಮೆಯವನಿಗೆ ಅಲ್ಲಿ ಎಲ್ಲವೂ ಹೊಸದು. ಮಳೆ ಹೊಸದು, ಮೀನಿನ ವಾಸನೆ ಹೊಸದು. ಯಾಂತ್ರಿಕ ದೋಣಿಗಳಿಗೆ ಸಾಲ ಕೊಡುತ್ತಿದ್ದ ಕಾಲವದು. ಸಾಲದ ದೋಣಿಗಳನ್ನು ಆಗಾಗ ಕಣ್ಣಾರೆ ನೋಡಿ ಬರಬೇಕಿತ್ತು. ಒಂದು ಸಲ ಫೀಲ್ಡ್ ಆಫೀಸರರ ಜೊತೆ ಕಾಗದಪತ್ರ ಹಿಡಿದುಕೊಂಡು ನಾನೂ ಬೈತಖೋಲ ಬಂದರಿಗೆ ಹೋದೆ.

ದೋಣಿ ಏರಿ ಚುಕ್ಕಾಣಿಯ ಕೋಣೆಗೆ ಹೊಕ್ಕಾಗ ಕಣ್ಣಿಗೆ ಬಿದ್ದದ್ದು ಆ ಚಕ್ರ. ಮರದ ಚಕ್ರ, ಸುತ್ತಲೂ ಹಿಡಿಗಳು. ಅಂಚಿನ ತುಂಬ ಬಿಳಿ ಹುರಿಯನ್ನು ಒತ್ತೊತ್ತಾಗಿ ಸುತ್ತಿದ್ದರು. ಪ್ರತಿ ಸುತ್ತಿಗೂ ಒಂದು ಅರೆಗಂಟು ಹಾಕಿದ್ದರಿಂದ ಅಂಚಿನುದ್ದಕ್ಕೂ ಗಂಟುಗಳ ಸಾಲು ಬಳ್ಳಿಯಂತೆ ಸುತ್ತಿಕೊಂಡು ಹೋಗಿತ್ತು. ಎಲ್ಲ ಹಿಡಿಗಳೂ ಬೋಳಾಗಿದ್ದವು, ಒಂದನ್ನು ಬಿಟ್ಟು. ಆ ಒಂದರ ಮೇಲೆ ಮಾತ್ರ ಜಡೆ ಹೆಣೆದು ಬಳೆಯಂತೆ ತೊಡಿಸಿದ ದಪ್ಪನೆಯ ಗಂಟು.

"ಇದು ಚೆಂದಕ್ಕಾ?" ಎಂದು ಕೇಳಿದೆ.

ತಾಂಡೇಲ ನಕ್ಕ. ಕೊಂಕಣಿ ಮನೆಮಾತಿನ ಹಿರಿಯ ಮನುಷ್ಯ. "ಚೆಂದಕ್ಕೂ ಹೌದು ಸಾಹೇಬ್ರೇ. ಆದ್ರೆ ಕೆಲಸ ಬೇರೆ ಉಂಟು. ರಾತ್ರಿ ಇಲ್ಲಿ ದೀಪ ಹಾಕೂದಿಲ್ಲ. ಒಳಗೆ ಬೆಳಕಿದ್ರೆ ಹೊರಗಿನ ಕತ್ತಲೆ ಕಣ್ಣಿಗೆ ಹತ್ತೂದಿಲ್ಲ. ಚುಕ್ಕಾಣಿ ನೆಟ್ಟಗೆ ಉಂಟೋ ಇಲ್ಲವೋ ಅಂತ ಕೈಗೇ ಗೊತ್ತಾಗಬೇಕು. ಈ ಗಂಟು ಮೇಲೆ ಬಂದ್ರೆ ನೆಟ್ಟಗೆ."

ಆಮೇಲೆ ತಿಳಿಯಿತು, ಇದು ಆ ತಾಂಡೇಲನೊಬ್ಬನ ಉಪಾಯವಲ್ಲ. ದೊಡ್ಡ ಹಡಗುಗಳಿಗೆ ಚಕ್ರದ ಚುಕ್ಕಾಣಿ ಬಂದದ್ದು 18ನೇ ಶತಮಾನದ ಆರಂಭದಲ್ಲಿ. ಅದಕ್ಕೂ ಮುಂಚೆ ಉದ್ದನೆಯ ಮರದ ಕೋಲಿನಿಂದ ಹಿಂದಿನ ಹಲಗೆಯನ್ನು ತಿರುಗಿಸುತ್ತಿದ್ದರು. ಕೋಲಾದರೆ ಅದು ಯಾವ ಕಡೆ ಇದೆ ಎಂದು ನೋಡಿದರೇ ತಿಳಿಯುತ್ತದೆ. ಚಕ್ರದ ಮಾತು ಹಾಗಲ್ಲ. ಅದು ದುಂಡಗಿದೆ, ಯಾವ ಹಿಡಿ ಮೇಲಿದ್ದರೂ ಒಂದೇ ರೀತಿ ಕಾಣುತ್ತದೆ. ಅದಕ್ಕಾಗಿ ನಾವಿಕರು ಒಂದು ಹಿಡಿಯನ್ನು ಆರಿಸಿಕೊಂಡರು. ನೀರಿನಲ್ಲಿರುವ ಹಲಗೆ ಸರಿಯಾಗಿ ನಡುವೆ ಇದ್ದಾಗ ನೆಟ್ಟಗೆ ಮೇಲೆ ನಿಲ್ಲುವ ಹಿಡಿ ಅದು. ಇಂಗ್ಲಿಷಿನಲ್ಲಿ ಅದಕ್ಕೆ ಕಿಂಗ್ ಸ್ಪೋಕ್, ಅಂದರೆ ರಾಜಹಿಡಿ ಎಂದು ಹೆಸರು. ಅದರ ಮೇಲೆ ಗೆರೆ ಕೊರೆಯುತ್ತಾರೆ, ಇಲ್ಲವೆ ಗಂಟು ಕಟ್ಟುತ್ತಾರೆ. ಆ ಗಂಟಿನ ಹೆಸರು ಟರ್ಕ್ಸ್ ಹೆಡ್. ನೋಡಲು ತುರ್ಕರ ರುಮಾಲಿನಂತೆ ಇದೆ ಎಂದು ಆ ಹೆಸರು.

ಅಪ್ಪನ ಬಾರಕೋಲು

ಆ ದಿನ ಗಂಟಿನ ಮೇಲೆ ಕೈಯಾಡಿಸಿದಾಗ ನನಗೆ ಆಶ್ಚರ್ಯವಾಗಿತ್ತು. ಅದು ನನ್ನ ಕೈಗೆ ಹೊಸದಾಗಿರಲಿಲ್ಲ. ತಿರ್ಲಾಪುರದಲ್ಲಿ ನಮ್ಮಪ್ಪನ ಬಾರಕೋಲಿನ ಹಿಡಿಯ ಮೇಲೆ ಅದೇ ಗಂಟು ಇತ್ತು. ನಮ್ಮ ಮನೆಯಲ್ಲಿ ಅದಕ್ಕೆ ಸಿಂಬಿ ಗಂಟು ಎನ್ನುತ್ತಿದ್ದರು. ಕೊಡ ಹೊರುವಾಗ ಹೆಂಗಸರು ತಲೆಯ ಮೇಲೆ ಇಟ್ಟುಕೊಳ್ಳುವ ಸಿಂಬಿಯಂತೆ ಕಾಣುತ್ತದಲ್ಲ, ಅದಕ್ಕೆ. ನೋಡಿ, ಕಡಲಿನವರು ತಲೆಯ ರುಮಾಲು ಎಂದರು, ಎರೆಹೊಲದವರು ತಲೆಯ ಸಿಂಬಿ ಎಂದರು. ಗಂಟು ಒಂದೇ.

ಆಗಿನ ಒಕ್ಕಲುತನದಲ್ಲಿ ಹಗ್ಗ ಪೇಟೆಯಿಂದ ಬರುತ್ತಿರಲಿಲ್ಲ. ಹೊಲದ ಅಂಚಿಗೆ ಪುಂಡಿ ಹಾಕುತ್ತಿದ್ದೆವು. ಎಳೆಯ ಎಲೆ ಪಲ್ಯಕ್ಕೆ, ಬಲಿತ ಗಿಡದ ಸಿಪ್ಪೆ ನಾರಿಗೆ. ಕಡ್ಡಿಗಳನ್ನು ಕಟ್ಟು ಕಟ್ಟಿ ನೀರಲ್ಲಿ ಕೊಳೆಹಾಕಿ, ನಾರು ಸುಲಿದು, ತೊಳೆದು ಒಣಗಿಸುತ್ತಿದ್ದರು. ಬೇಸಿಗೆಯಲ್ಲಿ ಹೊಲದ ಕೆಲಸ ಇಲ್ಲದಾಗ ಅಪ್ಪ ಬೇವಿನ ನೆರಳಲ್ಲಿ ಹಗ್ಗ ಹೊಸೆಯುತ್ತಿದ್ದ. ಕಣ್ಣಿ, ದಾವಣಿ, ಮೂಗುದಾರ, ಕೊರಳಹಗ್ಗ, ಹೀಗೆ ಒಂದೊಂದಕ್ಕೂ ಒಂದೊಂದು ದಪ್ಪ, ಒಂದೊಂದು ಗಂಟು. ದನ ಎಷ್ಟು ಜಗ್ಗಿದರೂ ಕೊರಳಿಗೆ ಬಿಗಿಯದ ಗಂಟು ಬೇರೆ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಜೀರುಗುಣಿಕೆ ಬೇರೆ. ದನದ ಕೊರಳಿಗೆ ಜೀರುಗುಣಿಕೆ ಹಾಕಿದವನಿಗೆ ಅಪ್ಪನ ಬೈಗುಳ ತಪ್ಪುತ್ತಿರಲಿಲ್ಲ. ಕಾರಹುಣ್ಣಿಮೆ ಬಂತೆಂದರೆ ಎತ್ತುಗಳಿಗೆ ಮತಾಟಿ, ಗೊಂಡೆ, ಕೋಡೆಣಸು. ಅಪ್ಪ ಬಣ್ಣದ ಹುರಿ ತಂದು ಮತಾಟಿಗೆ ಗಂಟು ಹೆಣೆಯುತ್ತಿದ್ದ.

ಬಾರಕೋಲಿಗೆ ಗಂಟು ಯಾಕೆ ಎಂದು ಚಿಕ್ಕವನಿದ್ದಾಗ ಕೇಳಿದ್ದೆ. "ಹತ್ತಿ ಹೇರಿಕೊಂಡು ರಾತ್ರಿ ಬಂಡಿ ಹೂಡಿದಾಗ ಕೋಲು ಕೈಗೆ ಸಿಗಬೇಕಲ್ಲೋ ತಮ್ಮಾ. ಬಾರು ಯಾಕಡೆ, ಹಿಡಿ ಯಾಕಡೆ ಅಂತ ಗಂಟು ಹೇಳತೈತಿ. ಕತ್ತಲಾಗ ಕೈಯೇ ಕಣ್ಣು" ಎಂದಿದ್ದ. ಕಾರವಾರದ ತಾಂಡೇಲ ಹೇಳಿದ್ದೂ ಅದೇ ಮಾತು. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಅಪ್ಪ ಸಮುದ್ರವನ್ನೇ ಕಂಡಿರಲಿಲ್ಲ.

ಆ ವರ್ಷ ಕಾರಹುಣ್ಣಿಮೆಗೆ ರಜೆ ಹಾಕಿ ಊರಿಗೆ ಬಂದೆ. ಅಪ್ಪನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ದವಾಖಾನೆಗೆ ಹೋಗೋಣವೆಂದರೆ ಸುಗ್ಗಿ ಮುಗಿಯಲಿ ಎನ್ನುತ್ತಿದ್ದ. ನಾನು ದೋಣಿಯ ಗಂಟಿನ ಸುದ್ದಿ ಹೇಳಿದಾಗ ಅವನಿಗೆ ಬಹಳ ಖುಷಿಯಾಯಿತು. ಹುರಿ ತರಿಸಿಕೊಂಡು, ಕಣ್ಣು ಮೇಲೆತ್ತಿಕೊಂಡೇ, ಬರೀ ಬೆರಳಿನ ಗುರುತಿನ ಮೇಲೆ ಒಂದು ಸಿಂಬಿ ಗಂಟು ಕಟ್ಟಿ ತೋರಿಸಿದ. "ಕೂಡು, ಕಲಸತೀನಿ" ಎಂದ. "ಬಸ್ಸಿಗೆ ಹೊತ್ತಾತು, ಮುಂದಿನ ಸಲ ಕಲೀತೀನಿ" ಎಂದೆ.

ಮುಂದಿನ ಸಲ ಬರಲಿಲ್ಲ. ಬಂದಾಗಲೆಲ್ಲ ಬೇರೆ ಕೆಲಸವಿರುತ್ತಿತ್ತು. 1994ರಲ್ಲಿ ಎತ್ತುಗಳನ್ನು ಮಾರಿದೆವು. 1996ರಲ್ಲಿ ಅಪ್ಪ ಹೋದ. ದಿನಾ ಸಂಜೆ ವೋಚರುಗಳನ್ನು ದಬ್ಬಣದಿಂದ ಹೊಲಿದು ಕಟ್ಟುವುದು, ನೋಟಿನ ಚೀಲದ ಬಾಯಿಗೆ ಹುರಿ ಬಿಗಿದು ಅರಗಿನ ಮುದ್ರೆ ಒತ್ತುವುದು, ಇಂಥ ಗಂಟುಗಳನ್ನು ಮೂವತ್ತೇಳು ವರ್ಷ ನೋಡಿದ ನಾನು ಅಪ್ಪನ ಒಂದು ಗಂಟನ್ನು ಕಲಿಯಲಿಲ್ಲ.

ಟ್ಯಾಲಿ ಆಗದ ಗಂಟು

ಕಣದಲ್ಲಿ ಆ ಅನಾಹುತ ತಪ್ಪಿದ ಮರುದಿನವೇ ಹುರಿ ತಂದು ಕುಳಿತೆ. ಗಂಟು ಕಣ್ಣ ಮುಂದೆ ಇದೆ, ಕೈಗೆ ಬಾರದು. ಮಗ ಒಂದು ಪುಸ್ತಕ ತರಿಸಿಕೊಟ್ಟ. ಕ್ಲಿಫರ್ಡ್ ಆಶ್ಲಿ ಎಂಬ ಅಮೆರಿಕದ ಚಿತ್ರಕಾರ ನಾವಿಕರಿಂದಲೂ ಕುಶಲಕರ್ಮಿಗಳಿಂದಲೂ ಕೇಳಿ ತಿಳಿದು ಬರೆದ ಗಂಟುಗಳ ಪುಸ್ತಕ, 1944ರಲ್ಲಿ ಅಚ್ಚಾದದ್ದು. ಅದರಲ್ಲಿ 3,800ಕ್ಕೂ ಹೆಚ್ಚು ಗಂಟುಗಳಿಗೆ ಲೆಡ್ಜರಿನಂತೆ ಒಂದೊಂದಕ್ಕೂ ನಂಬರು! ಬ್ಯಾಂಕಿನವನಿಗೆ ಇದಕ್ಕಿಂತ ಇನ್ನೇನು ಬೇಕು?

ಆದರೂ ಮೊದಲು ಸೋತೆ. ಮೂರು ಎಳೆಯ ಜಡೆಯಂತೆ, ಅಂಚಿಗೆ ಆರು ಬಾಗುಗಳು ಬರುವಂತೆ ಕಟ್ಟಬೇಕೆಂದು ಕುಳಿತೆ. ಒಂದೇ ಹುರಿಯಿಂದ ಪೂರ್ತಿ ಗಂಟು ಆಗಬೇಕು. ಆದರೆ ಹುರಿಯ ತುದಿ ಒಂದೇ ಸುತ್ತು ಹಾಕಿ, ಹೊರಟ ಜಾಗಕ್ಕೆ ಬಂದು ನಿಂತುಬಿಡುತ್ತಿತ್ತು. ಉಳಿದ ಎರಡು ಎಳೆಗಳಿಗೆ ದಾರಿಯೇ ಇಲ್ಲ. ಮೂರು ದಿನ ಬಿಚ್ಚಿದೆ, ಕಟ್ಟಿದೆ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದೆ ರಾತ್ರಿ ಹತ್ತರವರೆಗೆ ಬ್ಯಾಂಕಿನಲ್ಲಿ ಕುಳಿತ ದಿನಗಳು ನೆನಪಾದವು. ಲೆಕ್ಕ ತಪ್ಪಿದೆ ಎಂದರೆ ಎಲ್ಲೋ ಒಂದು ಅಂಕಿ ತಪ್ಪಿದೆ ಎಂದೇ ಅರ್ಥ.

ತಪ್ಪಿದ್ದು ಆ ಆರು ಎಂಬ ಅಂಕಿಯೇ. ಈ ಗಂಟಿಗೆ ಒಂದು ನಿಯಮವಿದೆ. ಮಕ್ಕಳೇ, ನೀವು ಶಾಲೆಯಲ್ಲಿ ಮ.ಸಾ.ಅ. ಕಲಿತಿದ್ದೀರಲ್ಲ, ಮಹತ್ತಮ ಸಾಮಾನ್ಯ ಅಪವರ್ತನ, ಅದೇ ಇಲ್ಲಿ ಕೆಲಸಕ್ಕೆ ಬರುತ್ತದೆ. ಎಳೆಗಳ ಸಂಖ್ಯೆ ಮತ್ತು ಅಂಚಿನ ಬಾಗುಗಳ ಸಂಖ್ಯೆ, ಇವೆರಡರ ಮ.ಸಾ.ಅ. 1 ಆಗಿದ್ದರೆ ಮಾತ್ರ ಒಂದೇ ಹುರಿಯಿಂದ ಗಂಟು ಪೂರ್ತಿಯಾಗುತ್ತದೆ. 3 ಎಳೆ, 4 ಬಾಗು ಆಗುತ್ತದೆ. 3 ಎಳೆ, 5 ಬಾಗು ಆಗುತ್ತದೆ. 3 ಮತ್ತು 6ರ ಮ.ಸಾ.ಅ. 3. ಹಾಗಾಗಿ ಅದಕ್ಕೆ ಮೂರು ಬೇರೆ ಬೇರೆ ಹುರಿ ಬೇಕು. 4 ಎಳೆ, 6 ಬಾಗಿಗೆ ಎರಡು ಹುರಿ ಬೇಕು. ನಮ್ಮಪ್ಪ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೆ ಅವನ ಗಂಟಿಗೆ ಯಾವಾಗಲೂ ಐದೇ ಬಾಗು.

ನೀವೂ ಮಾಡಿ ನೋಡಿ

ಇದನ್ನು ನಂಬಲು ಮೂರು ಬಣ್ಣದ ದಾರ ಸಾಕು. ಕೆಂಪು, ಹಳದಿ, ಹಸಿರು ದಾರಗಳ ತುದಿಯನ್ನು ಒಂದು ಮೊಳೆಗೆ ಸಿಕ್ಕಿಸಿ, ಜಡೆ ಹೆಣೆಯಿರಿ. ಎಡದ ಎಳೆಯನ್ನು ನಡುವಿಗೆ ತನ್ನಿ, ಆಮೇಲೆ ಬಲದ ಎಳೆಯನ್ನು ನಡುವಿಗೆ ತನ್ನಿ. ಇದು ಒಂದು ಜೊತೆ. ಮೂರು ಜೊತೆ ಮುಗಿದಾಗ ನೋಡಿ: ಕೆಂಪು, ಹಳದಿ, ಹಸಿರು ಮೂರೂ ಮೊದಲಿದ್ದ ಜಾಗಕ್ಕೇ ಬಂದಿರುತ್ತವೆ. ಆರು ಜೊತೆ ಹೆಣೆದರೂ ಹಾಗೆಯೇ. ಈಗ ಜಡೆಯನ್ನು ಬಳೆಯಂತೆ ಬಾಗಿಸಿ ತುದಿಗೆ ತುದಿ ಸೇರಿಸಿದರೆ ಕೆಂಪು ಕೆಂಪಿಗೆ, ಹಳದಿ ಹಳದಿಗೆ ಕೂಡುತ್ತದೆ. ಅಂದರೆ ಮೂರು ಬೇರೆ ಬೇರೆ ಉಂಗುರಗಳಾದವು. ನಾಲ್ಕು ಅಥವಾ ಐದು ಜೊತೆ ಹೆಣೆದು ಸೇರಿಸಿದರೆ ಕೆಂಪು ಹೋಗಿ ಇನ್ನೊಂದು ಬಣ್ಣಕ್ಕೆ, ಅದು ಮತ್ತೊಂದಕ್ಕೆ ಕೂಡಿ ಮೂರೂ ಸೇರಿ ಒಂದೇ ದಾರವಾಗುತ್ತದೆ. ಸಿಂಬಿ ಗಂಟು ಎಂದರೆ ಇಷ್ಟೆ: ಒಂದೇ ಹುರಿಯಿಂದ ಹೆಣೆದ, ಮೊದಲೂ ಕೊನೆಯೂ ಕಾಣದ ಜಡೆ.

ಇದು ತಿಳಿದ ಮೇಲೆ ಕೋಲಿಗೆ ಕಟ್ಟುವುದನ್ನು ಕಲಿಯಬಹುದು. ಸುಮಾರು ಎರಡು ಮೀಟರ್ ಹತ್ತಿಯ ಹುರಿ ತೆಗೆದುಕೊಳ್ಳಿ. ಕೋಲಿಗೆ ಸಡಿಲವಾಗಿ ಎರಡು ಸುತ್ತು ಹಾಕಿ. ಎರಡನೆಯ ಸುತ್ತು ಮೊದಲನೆಯದನ್ನು ಒಂದು ಸಲ ದಾಟಿರಲಿ. ಆ ಎರಡು ಸುತ್ತುಗಳು ಮತ್ತು ನಿಮ್ಮ ಕೈಯಲ್ಲಿರುವ ತುದಿ, ಇವೇ ಜಡೆಯ ಮೂರು ಎಳೆಗಳು. ಕೋಲನ್ನು ನಿಧಾನವಾಗಿ ತಿರುಗಿಸುತ್ತ, ಒಂದರ ಮೇಲೆ, ಒಂದರ ಕೆಳಗೆ ಎಂದು ತುದಿಯನ್ನು ತೂರಿಸುತ್ತ ಬನ್ನಿ. ತುದಿ ಹೊರಟ ಜಾಗಕ್ಕೆ ಬಂದು ಸೇರಿದಾಗ ಒಂದು ಪದರ ಮುಗಿಯಿತು. ಅದೇ ದಾರಿಯನ್ನು ಪಕ್ಕದಲ್ಲೇ ಹಿಡಿದು ಇನ್ನೂ ಎರಡು ಸಲ ಹೋಗಿ. ಕೊನೆಗೆ ಸಡಿಲವನ್ನು ಮೊದಲ ತುದಿಯಿಂದ ಸ್ವಲ್ಪ ಸ್ವಲ್ಪವೇ ಎಳೆಯುತ್ತ ಬನ್ನಿ. ಒಂದೇ ಸಲ ಜಗ್ಗಿದರೆ ಗಂಟಿನ ಆಕಾರ ಕೆಡುತ್ತದೆ. ಮೊದಲ ಸಲ ಬಾರದಿದ್ದರೆ ಬೇಸರ ಬೇಡ. ನನಗೆ ಹನ್ನೊಂದು ದಿನ ಹಿಡಿಯಿತು.

ಸ್ಕೌಟ್ಸಿನಲ್ಲಿರುವ ಮಕ್ಕಳು ಇದನ್ನು ನೋಡಿಯೇ ಇರುತ್ತೀರಿ. ಕೊರಳವಸ್ತ್ರವನ್ನು ಹಿಡಿದಿಡುವ ಉಂಗುರವನ್ನು ಹಲವು ಕಡೆ ಇದೇ ಗಂಟಿನಿಂದ ಮಾಡುತ್ತಾರೆ.

ಗಂಟುಗಳಿಗೆ ಕಟ್ಟುವುದಷ್ಟೇ ಕೆಲಸವಲ್ಲ ಎಂದು ಆ ಪುಸ್ತಕದ ನೆಪದಲ್ಲಿ ತಿಳಿಯುತ್ತ ಹೋಯಿತು. ದಕ್ಷಿಣ ಅಮೆರಿಕದ ಇಂಕಾ ಜನ ಕಾಗದ, ಮಸಿ ಇಲ್ಲದೆ ದಾರದ ಗಂಟುಗಳಲ್ಲೇ ಲೆಕ್ಕ ಇಡುತ್ತಿದ್ದರು. ದಾರದ ಮೇಲೆ ಗಂಟಿರುವ ಜಾಗ ನೋಡಿ ಇದು ಬಿಡಿ, ಇದು ಹತ್ತು, ಇದು ನೂರು ಎಂದು ಓದುತ್ತಿದ್ದರು. ಹಡಗಿನ ವೇಗವನ್ನು ಇಂದಿಗೂ ನಾಟ್, ಅಂದರೆ ಗಂಟು ಎಂದೇ ಎಣಿಸುತ್ತಾರೆ. ಹಿಂದೆ 47 ಅಡಿ 3 ಅಂಗುಲಕ್ಕೊಂದು ಗಂಟು ಹಾಕಿದ ಹಗ್ಗದ ತುದಿಗೆ ಹಲಗೆ ಕಟ್ಟಿ ನೀರಿಗೆ ಬಿಡುತ್ತಿದ್ದರು. 28 ಸೆಕೆಂಡಿನ ಮರಳಿನ ಗಡಿಯಾರ ಖಾಲಿಯಾಗುವುದರೊಳಗೆ ಎಷ್ಟು ಗಂಟು ಕೈಯಿಂದ ಜಾರಿದವೋ ಅಷ್ಟು ಗಂಟು ವೇಗ. ಒಂದು ಗಂಟು ಎಂದರೆ ತಾಸಿಗೆ 1.852 ಕಿಲೋಮೀಟರ್.

2017ರ ಸೆಪ್ಟೆಂಬರ್ 10ರಂದು ನಮ್ಮ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು ವರ್ತಿಕಾ ಜೋಶಿಯವರ ಮುಂದಾಳುತನದಲ್ಲಿ 'ತಾರಿಣಿ' ಎಂಬ ಹಾಯಿದೋಣಿಯಲ್ಲಿ ಗೋವೆಯಿಂದ ಹೊರಟು ಭೂಮಿಯನ್ನು ಸುತ್ತಿ, 2018ರ ಮೇ 21ರಂದು ಮರಳಿದರು. ಆ ಪ್ರಯಾಣದ ಕೊನೆಯ ಹಂತದಲ್ಲಿ ಚುಕ್ಕಾಣಿಯೇ ಕೆಟ್ಟು ಮಾರಿಷಸ್ಸಿನ ಪೋರ್ಟ್ ಲೂಯಿಸ್‌ನಲ್ಲಿ ನಿಲ್ಲಬೇಕಾಯಿತು. ನಡುಗಡಲಲ್ಲಿ ಚುಕ್ಕಾಣಿ ಎಂದರೆ ಜೀವ ಎಂಬುದು ಆ ಸುದ್ದಿಯಿಂದ ನನಗೆ ಇನ್ನೂ ಚೆನ್ನಾಗಿ ಅರ್ಥವಾಯಿತು.

ಟ್ರ್ಯಾಕ್ಟರಿಗೆ ರಾಜಹಿಡಿ

ಹನ್ನೆರಡನೆಯ ದಿನ ತಮ್ಮನ ಮಗನನ್ನು ಕರೆದೆ. ಟ್ರ್ಯಾಕ್ಟರನ್ನು ಸಮನೆಲದ ಮೇಲೆ ನೆಟ್ಟಗೆ ಓಡಿಸಿ ನಿಲ್ಲಿಸಲು ಹೇಳಿದೆ. ಮುಂದಿನ ಗಾಲಿಗಳು ನೆಟ್ಟಗಿವೆ ಎಂದು ಇಳಿದು ನೋಡಿ, ಸ್ಟೇರಿಂಗಿನ ನೆತ್ತಿಗೆ ಸೀಮೆಸುಣ್ಣದ ಗುರುತು ಹಾಕಿ, ಅಲ್ಲೇ ಸಿಂಬಿ ಗಂಟು ಕಟ್ಟಿದೆ. ಅಂಚಿಗೆ ಬಿಗಿಯಾಗಿ ಕಚ್ಚಿಕೊಂಡಿರಬೇಕು, ಜಾರಬಾರದು. ಜೋತಾಡುವ ಗೊಂಡೆ, ಬಾಲ ಬಿಡಬಾರದು, ಅದು ಕೈಗೆ ಸಿಕ್ಕಿಕೊಂಡರೆ ಇನ್ನೊಂದು ಅಪಾಯ.

ಇನ್ನೂ ಒಂದು ಮಾತು ಹೇಳಬೇಕು. ಸ್ಟೇರಿಂಗು ಒಂದಕ್ಕಿಂತ ಹೆಚ್ಚು ಸುತ್ತು ತಿರುಗುತ್ತದೆ. ಆದ್ದರಿಂದ ಗಾಲಿ ಪೂರ್ತಿ ಹೊರಳಿದಾಗಲೂ ಗಂಟು ಮೇಲೆಯೇ ಬಂದು ನಿಲ್ಲಬಹುದು. ನಮ್ಮದು ಹಳೆಯ ಕಾಲದ ಟ್ರ್ಯಾಕ್ಟರು. ಈಗಿನ ಪವರ್ ಸ್ಟೇರಿಂಗಿನಲ್ಲಿ ಎಣ್ಣೆಯ ಒತ್ತಡದಿಂದ ಗಾಲಿ ತಿರುಗುವುದರಿಂದ ಗುರುತು ಕ್ರಮೇಣ ಸರಿದುಹೋಗುತ್ತದೆ. ಹಾಗಾಗಿ ಗಂಟು ಬರೀ ನೆನಪು ಮಾಡಿಕೊಡುತ್ತದೆ, ಅಷ್ಟೆ. ಕೈಗೆ ಗಂಟು ಸಿಕ್ಕೊಡನೆ ತಮ್ಮನ ಮಗ ಈಗ ಒಂದು ಸಲ ಇಳಿದು, ಬ್ಯಾಟರಿ ಹಿಡಿದು, ಗಾಲಿ ನೋಡುತ್ತಾನೆ, ಸುತ್ತಮುತ್ತ ಮಕ್ಕಳಿದ್ದಾರೆಯೇ ಎಂದು ನೋಡುತ್ತಾನೆ, ಆಮೇಲೆ ಚಾಲೂ ಮಾಡುತ್ತಾನೆ. ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ. ಆ ರಾತ್ರಿ ಗೋಡೆಗೆ ಮುಖ ಮಾಡಿ ಕುಳಿತವನು ಗಂಟು ಕಟ್ಟಿ ಮುಗಿದಾಗ ಅದರ ಮೇಲೆ ಕೈಯಿಟ್ಟು, "ಕಾಕಾ, ಇದನ್ನ ಎಂದೂ ಬಿಚ್ಚಬ್ಯಾಡ್ರಿ" ಎಂದಿದ್ದ.

ಅಪ್ಪನ ಬಾರಕೋಲಿನ ಕಥೆ ಉಳಿಯಿತು. 2019ರ ಆಗಸ್ಟಿನ ಮಳೆ ನಿಮಗೆ ನೆನಪಿರಬಹುದು. ಬೆಣ್ಣಿಹಳ್ಳ ಉಕ್ಕಿ ತಾಲ್ಲೂಕಿನ ಎಷ್ಟೋ ಹೊಲಗಳಿಗೆ ನೀರು ನುಗ್ಗಿತ್ತು. ಮಣ್ಣಿನ ಮನೆಗಳು ನೆನೆದು ಕುಸಿದವು. ನಮ್ಮ ಹಳೆಯ ಮನೆಯ ದನದ ಕೊಟ್ಟಿಗೆಯ ಗೋಡೆಯೂ ಬಿತ್ತು. ಅದರೊಂದಿಗೆ ಗೋಡೆಯ ಗೂಟದಲ್ಲಿದ್ದ ಬಾರಕೋಲೂ ಮಣ್ಣಾಯಿತು ಎಂದುಕೊಂಡಿದ್ದೆವು. ಕಳೆದ ಬೇಸಿಗೆಯಲ್ಲಿ ಆ ಮಣ್ಣು ತೆಗೆಸುವಾಗ ಅದು ಸಿಕ್ಕಿತು. ತೊಲೆ ಬಿದ್ದು ಕೋಲು ಎರಡು ತುಂಡಾಗಿದೆ. ಬಾರು ಕೊಳೆತು ಹೋಗಿದೆ. ಗಂಟು ಮಾತ್ರ ಸಡಿಲಾಗಿಲ್ಲ. ತೊಳೆದು ಬಾಗು ಎಣಿಸಿದೆ. ಐದು.

ಮೊಮ್ಮಗಳಿಗೆ ಈಗ ಹತ್ತು ವರ್ಷ. ರಜೆಗೆ ಹುಬ್ಬಳ್ಳಿಯಿಂದ ಬಂದವಳು ಆ ತುಂಡನ್ನು ಹಿಡಿದು, "ಅಜ್ಜಾ, ಇದು ನಮ್ಮ ಟ್ರ್ಯಾಕ್ಟರಿನ ಗಂಟಲ್ಲಾ?" ಎಂದು ಕೇಳಿದಳು.

"ಅಲ್ಲವ್ವಾ. ಟ್ರ್ಯಾಕ್ಟರಿನ ಗಂಟು ಇದರ ಮೊಮ್ಮಗ" ಎಂದೆ.

"ನನಗೂ ಕಲಸು."

ಕೈ ಈಗ ಸ್ವಲ್ಪ ನಡುಗುತ್ತದೆ. ಕನ್ನಡಕವಿಲ್ಲದೆ ಹುರಿ ಕಾಣುವುದಿಲ್ಲ. ಹೊರಗೆ ಪೇಟೆಗೆ ಹೋಗುವ ಕೆಲಸವೂ ಇತ್ತು, ಬಸ್ಸಿಗೂ ಹೊತ್ತಾಗಿತ್ತು. ಬಸ್ಸು ಹೋಗಲಿ ಎಂದು ಕಟ್ಟೆಯ ಮೇಲೆ ಅವಳ ಪಕ್ಕದಲ್ಲಿ ಕುಳಿತೆ.

"ಮೊದಲು ಜಡಿ ಹೆಣಿ" ಎಂದೆ.